ಹೆಸರಿಡುವ ಯಂತ್ರವೂ ಹೆಸರಿಲ್ಲದ ಮೀನೂ

2015ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ನಗರದ ಜನರು, ತಾವು ದಿನವೂ ಹಿಡಿದು ನಿಲ್ಲುವ ಸುರಂಗರೈಲಿನ ಕಂಬಿಗಳಿಂದಲೂ ಕುಳಿತೇಳುವ ಬೆಂಚುಗಳಿಂದಲೂ ಒರೆಸಿ ತೆಗೆದ ಕೊಳೆಯಲ್ಲಿ ಪ್ಲೇಗಿನ ಕ್ರಿಮಿಯ ಕುರುಹೂ, ದನಕರುಗಳಿಗೆ ನೆರಡಿಯನ್ನು ತರುವ ಆಂಥ್ರಾಕ್ಸ್ ಕ್ರಿಮಿಯ ಕುರುಹೂ ದೊರೆತಿವೆಯೆಂಬ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಿದರು. ಹಾಗೆ ಹೇಳಿದವರು ಹಾದಿಬೀದಿಯ ಮಾತುಗಾರರಲ್ಲ. ಆ ನಗರದ ವೈಲ್ ಕಾರ್ನೆಲ್ ವೈದ್ಯವಿದ್ಯಾಲಯದ ಕ್ರಿಸ್ಟೋಫರ್ ಮೇಸನ್ ಎಂಬ ವಿಜ್ಞಾನಿಯ ತಂಡದವರು 466 ನಿಲ್ದಾಣಗಳನ್ನು ಸುತ್ತಿ, 1,457 ಮಾದರಿಗಳನ್ನು ಕೂಡಿಹಾಕಿ, ಅವುಗಳಲ್ಲಿ ಬೆರೆತಿದ್ದ ನಾನಾ ಜೀವಿಗಳ ಡಿ.ಎನ್.ಎ.ಯನ್ನೆಲ್ಲ ಒಟ್ಟಿಗೆ ಓದಿಸಿ, ಯಾವ ತುಣುಕು ಯಾವ ಜೀವಿಯದೆಂಬುದನ್ನು ಗಣಕಯಂತ್ರದ ತಂತ್ರಾಂಶಗಳಿಂದ ಹೇಳಿಸಿದ್ದರು. ಪ್ಲೇಗು ಎಂಬ ಶಬ್ದದ ಭಾರವೇನೆಂಬುದನ್ನು ಬೆಂಗಳೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. 1898ರಲ್ಲಿ ಆ ಮಾರಿ ಪೇಟೆಯನ್ನು ಹೊಕ್ಕು ಮನೆಮನೆಗಳನ್ನು ಬರಿದುಮಾಡಿದ ಬಳಿಕವೇ ಮಲ್ಲೇಶ್ವರ, ಬಸವನಗುಡಿಗಳ ಕಡೆಗೆ ಊರು ಹರಿದು ಬೆಳೆದುದು. ಅಂದು ಭಯದಿಂದ ಕಟ್ಟಿದ ಪ್ಲೇಗಮ್ಮನ ಗುಡಿಗಳಲ್ಲಿ ಇಂದಿಗೂ ಪೂಜೆ ನಡೆಯುತ್ತದೆ.

ನ್ಯೂಯಾರ್ಕಿನ ಆರೋಗ್ಯ ಇಲಾಖೆಯವರು ಕೂಡಲೇ ಆಕ್ಷೇಪವೆತ್ತಿದರು. ಕೆಲವು ತಿಂಗಳುಗಳೊಳಗಾಗಿ ಸಂಶೋಧಕರೇ ತಿದ್ದುಪಡಿಯನ್ನು ಪ್ರಕಟಿಸಿ, ಆ ಎರಡು ಕ್ರಿಮಿಗಳು ಅಲ್ಲಿದ್ದುವೆಂಬುದಕ್ಕೆ ತಮ್ಮಲ್ಲಿ ಪ್ರಮಾಣವಿಲ್ಲವೆಂದು ಒಪ್ಪಿಕೊಂಡರು. ಅದು ಪ್ರಾಮಾಣಿಕರ ನಡತೆ. ಆ ವಿಷಯದಲ್ಲಿ ನನಗೆ ಅವರ ಮೇಲೆ ದೂರಿಲ್ಲ. ಹತ್ತು ವರ್ಷಕ್ಕೂ ಹಳೆಯದಾದ ಈ ಪ್ರಸಂಗವನ್ನು ಇಂದು ಮತ್ತೆ ತೆಗೆಯುವುದಕ್ಕೆ ಕಾರಣ ಬೇರೆ. ಒಂದು ಬಿಂದಿಗೆ ಹೊಳೆಯ ನೀರನ್ನೋ, ಒಂದು ಹಿಡಿ ಮಣ್ಣನ್ನೋ, ರೋಗಿಯ ಮೈಯಿಂದ ತೆಗೆದ ಕೆಲವು ಹನಿ ದ್ರವವನ್ನೋ ಕೊಟ್ಟರೆ ಅದರೊಳಗಿನ ಜೀವಿಗಳ ಹೆಸರುಗಳನ್ನೆಲ್ಲ ಅಚ್ಚುಹಾಕಿ ಕೊಡುವ ತಂತ್ರಾಂಶಗಳು ಈಗ ಎಲ್ಲೆಡೆಯೂ ದೊರೆಯುತ್ತವೆ. ಅಂತಹ ಪಟ್ಟಿಗಳು ನಾಳೆ ನಮ್ಮ ಆಸ್ಪತ್ರೆಗಳ ಮೇಜಿನ ಮೇಲೂ, ಅರಣ್ಯ ಮತ್ತು ನೀರಾವರಿ ಕಚೇರಿಗಳ ಕಡತಗಳಲ್ಲಿಯೂ, ನ್ಯಾಯಾಲಯಗಳ ಮುಂದೆಯೂ ಬರತಕ್ಕವು. ಆದುದರಿಂದ ಆ ಪಟ್ಟಿಯಲ್ಲಿ ಒಂದು ಹೆಸರು ಕಂಡಾಗ ಅದು ಯಾವ ಬಗೆಯ ಮಾತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಜ್ಞಾನಿಗಳಲ್ಲದ ನಾವೂ ಅರಿತಿರುವುದು ಉಚಿತ.

ಹಸ್ತಪ್ರತಿಗಳ ನಡುವೆ ಕೆಲವು ಕಾಲ ಕಳೆದ ನನ್ನಂತಹವನಿಗೆ ಓಲೆಗರಿಯ ದೃಷ್ಟಾಂತವೇ ಸುಲಭವಾದುದು. ಯಾವುದೋ ಮಠದ ಅಟ್ಟದಲ್ಲಿ ನೂರಾರು ತಾಳೆಯೋಲೆಯ ಕಟ್ಟುಗಳಿದ್ದುವೆಂದೂ, ಗೆದ್ದಲು ಹಿಡಿದು, ಮಳೆ ಸುರಿದು, ಎಲ್ಲವೂ ಚೂರುಚೂರಾಗಿ ಒಂದೇ ರಾಶಿಯಾಗಿ ಬಿದ್ದಿವೆಯೆಂದೂ, ಒಂದೊಂದು ಚೂರಿನಲ್ಲಿಯೂ ನೂರಿನ್ನೂರು ಅಕ್ಷರಗಳು ಮಾತ್ರ ಉಳಿದಿವೆಯೆಂದೂ ಭಾವಿಸಿರಿ. ಆ ರಾಶಿಯಲ್ಲಿ ಯಾವ ಯಾವ ಗ್ರಂಥಗಳಿದ್ದುವು? ಕನ್ನಡ ಕಾವ್ಯಗಳನ್ನೆಲ್ಲ ಬಾಯಿಪಾಠ ಮಾಡಿದ ಪಂಡಿತನೊಬ್ಬನು ಒಂದೊಂದು ಚೂರನ್ನೂ ಕೈಗೆತ್ತಿಕೊಂಡು, ಇದು ಪಂಪನದು, ಇದು ತೊರವೆ ರಾಮಾಯಣ, ಇದು ಯಾವುದೋ ವೈದ್ಯಗ್ರಂಥ ಎಂದು ಹೇಳುತ್ತ ಹೋಗಬಹುದು. ಬೆರಕೆಯಾದ ಡಿ.ಎನ್.ಎ.ಯೂ ಇಂತಹ ರಾಶಿಯೇ. ಅದರ ವರ್ಣಮಾಲೆಯಲ್ಲಿ ಇರುವುದು ನಾಲ್ಕೇ ಅಕ್ಷರ. ಪಂಡಿತನ ಸ್ಥಾನದಲ್ಲಿರುವುದು ತಂತ್ರಾಂಶ. ಅವನು ಬಾಯಿಪಾಠ ಮಾಡಿದ ಕಾವ್ಯಗಳ ಸ್ಥಾನದಲ್ಲಿರುವುದು, ಈವರೆಗೆ ಓದಿ ಹೆಸರಿಟ್ಟು ಕೂಡಿಸಿಟ್ಟಿರುವ ಜೀವಿಗಳ ಡಿ.ಎನ್.ಎ. ಭಂಡಾರ.

1990ರಲ್ಲಿ ಬಂದ ಬ್ಲಾಸ್ಟ್ ಎಂಬ ತಂತ್ರಾಂಶವು ಚೂರನ್ನು ಭಂಡಾರದ ಪಾಠಗಳೊಡನೆ ಹೊಂದಿಸಿ, ಎಲ್ಲಿ ಒಂದಕ್ಷರ ಬೇರೆಯಾಗಿದೆ, ಎಲ್ಲಿ ಬಿಟ್ಟುಹೋಗಿದೆ ಎಂದು ಪರಿಶೀಲಿಸುವ ನಿಧಾನದ ಪಂಡಿತ. ಆದರೆ ಕೋಟಿಗಟ್ಟಲೆ ಚೂರುಗಳನ್ನು ಒಂದೇ ದಿನದಲ್ಲಿ ಓದಿ ಸುರಿಯುವ ಯಂತ್ರಗಳು ಬಂದ ಮೇಲೆ ಆ ನಿಧಾನ ಸಾಲದಾಯಿತು. 2014ರಲ್ಲಿ ಡೆರಿಕ್ ವುಡ್ ಮತ್ತು ಸ್ಟೀವನ್ ಸಾಲ್ಸ್‌ಬರ್ಗ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು, ಉತ್ತರ ಯೂರೋಪಿನ ಕಥೆಗಳ ಸಮುದ್ರರಾಕ್ಷಸನೊಬ್ಬನ ಹೆಸರನ್ನಿಟ್ಟು, ಕ್ರಾಕೆನ್ ಎಂಬ ಹೊಸ ತಂತ್ರಾಂಶವನ್ನು ರಚಿಸಿದರು; ಅದು ಒಂದು ನಿಮಿಷಕ್ಕೆ 41 ಲಕ್ಷಕ್ಕೂ ಹೆಚ್ಚಿನ ಚೂರುಗಳಿಗೆ ಹೆಸರು ಹೇಳುವುದೆಂದೂ, ಬ್ಲಾಸ್ಟಿನ ವೇಗದ ರೂಪವೊಂದಕ್ಕಿಂತ 909 ಪಟ್ಟು ಚುರುಕೆಂದೂ ಅವರು ಅಳೆದು ತೋರಿಸಿದರು.

ಈ ರಾಕ್ಷಸನ ಉಪಾಯ ಸರಳವಾದುದು, ಸುಂದರವಾದುದು. ಅವನು ಚೂರನ್ನು ಪೂರ್ತಿಯಾಗಿ ಓದುವುದಿಲ್ಲ. ಅದರೊಳಗಿನ 31 ಅಕ್ಷರಗಳ ಪ್ರತಿಯೊಂದು ಸರಣಿಯನ್ನೂ ತೆಗೆದುಕೊಂಡು, ಮೊದಲೇ ಸಿದ್ಧಪಡಿಸಿಟ್ಟ ಅಕಾರಾದಿಯಲ್ಲಿ ನೋಡುತ್ತಾನೆ. ನಾಲ್ಕಕ್ಷರದ ಭಾಷೆಯಲ್ಲಿ 31 ಅಕ್ಷರಗಳ ಸರಣಿಗಳು ಎಷ್ಟಾಗಬಹುದೆಂದು ಲೆಕ್ಕಹಾಕಿದರೆ ಸುಮಾರು ನಲವತ್ತಾರು ಸಾವಿರ ಕೋಟಿ ಕೋಟಿಯಾಗುತ್ತದೆ. ಆದಕಾರಣ ಎರಡು ಕಡೆ ಒಂದೇ ಸರಣಿ ಕಂಡುಬಂದರೆ ಅದು ಬಹುಮಟ್ಟಿಗೆ ನಂಟಿನ ಫಲವೇ ಹೊರತು ಆಕಸ್ಮಿಕವಲ್ಲ. ಸರಣಿ ಒಂದೇ ಗ್ರಂಥದಲ್ಲಿದ್ದರೆ ಆ ಗ್ರಂಥದ ಹೆಸರು ಹೇಳಬಹುದು. ಪಂಪನ ವಿಕ್ರಮಾರ್ಜುನ ವಿಜಯದಲ್ಲಿಯೂ ಕುಮಾರವ್ಯಾಸನಲ್ಲಿಯೂ ಇರುವ ಪದಪುಂಜವಾದರೆ, ಇಬ್ಬರಲ್ಲಿ ಯಾರದೆಂದು ಹಟಹಿಡಿಯದೆ, ಯಾವುದೋ ಕನ್ನಡ ಭಾರತದ್ದು ಎಂದಷ್ಟೇ ಹೇಳಿ ನಿಲ್ಲಬೇಕು. ರಾಮಾಯಣದಲ್ಲಿಯೂ ಸಿಕ್ಕುವುದಾದರೆ ಯಾವುದೋ ಕನ್ನಡ ಕಾವ್ಯ ಎಂದು ಇನ್ನೊಂದು ಮೆಟ್ಟಿಲು ಮೇಲಕ್ಕೆ ಹೋಗಬೇಕು. ಕ್ರಾಕೆನ್ ಮಾಡುವುದು ಇದನ್ನೇ: ಆ ಸರಣಿಯನ್ನು ಹೊಂದಿರುವ ಜೀವಿಗಳೆಲ್ಲಕ್ಕೂ ಸಮಾನವಾದ ಅತ್ಯಂತ ಸಮೀಪದ ಮೂಲಪುರುಷನವರೆಗೆ ಏರಿ, ಪ್ರಭೇದದ ಹೆಸರನ್ನು ಬಿಟ್ಟು ಕುಲದ ಹೆಸರನ್ನೋ ಕುಟುಂಬದ ಹೆಸರನ್ನೋ ಹೇಳುತ್ತದೆ. ಯಂತ್ರಕ್ಕೆ ಇಷ್ಟು ವಿನಯವನ್ನು ಕಲಿಸಿದವರನ್ನು ನಾನು ಮೆಚ್ಚುತ್ತೇನೆ. ನಮ್ಮ ಪಂಡಿತರಲ್ಲಿಯೂ ಎಲ್ಲರಿಗೂ ಅದು ಬಂದಿರಲಿಲ್ಲ.

ಆದರೆ ಈ ವಿನಯ ಭಂಡಾರದೊಳಗಿನ ಗ್ರಂಥಗಳ ಮಟ್ಟಿಗೆ ಮಾತ್ರ. ಅಟ್ಟದ ಮೇಲಿದ್ದ ಕಾವ್ಯವೊಂದು ಪಂಡಿತನು ಕೇಳಿಯೇ ಇಲ್ಲದ ಕಾವ್ಯವಾಗಿದ್ದರೆ, ಅದರ ಚೂರುಗಳಲ್ಲಿ ಬಹುಪಾಲು ಅವನಿಗೆ ಅರ್ಥವಾಗದೆ ಪಕ್ಕಕ್ಕೆ ಸರಿಯುತ್ತವೆ. ಉಳಿದ ಕೆಲವು, ಅದಕ್ಕೆ ಹತ್ತಿರದ ಬಂಧುವಾದ ಇನ್ನಾವುದೋ ಕಾವ್ಯದ ಹೆಸರಿಗೆ ಜಮೆಯಾಗುತ್ತವೆ. ನ್ಯೂಯಾರ್ಕಿನ ರೈಲುನಿಲ್ದಾಣಗಳಲ್ಲಿ ಜಿರಲೆಗೆ ಬರಗಾಲವಿದೆಯೆಂದು ಯಾರೂ ಹೇಳಲಾರರು. ಆದರೂ ಅಲ್ಲಿಯ ಪಟ್ಟಿಯಲ್ಲಿ ಎದ್ದು ಕಂಡದ್ದು ಬೆಟ್ಟದ ಪೈನ್ ಮರಗಳನ್ನು ಕೊರೆಯುವ ಒಂದು ದುಂಬಿ. ಜಿರಲೆಯ ಜೀನೋಮು, ಎಂದರೆ ಅದರ ಡಿ.ಎನ್.ಎ.ಯ ಪೂರ್ಣಪಾಠ, ಪ್ರಕಟವಾದುದು 2018ರಲ್ಲಿ. ದುಂಬಿಯದು ಅದಕ್ಕೆ ಮೊದಲೇ ಭಂಡಾರವನ್ನು ಸೇರಿತ್ತು. ಪ್ಲೇಗಿನ ಕಥೆಯೂ ಇದಕ್ಕೆ ದೂರದ್ದಲ್ಲ. ಪ್ಲೇಗಿನ ಕ್ರಿಮಿಗೂ, ಅದು ಹುಟ್ಟಿಬಂದ ಮೂಲವಾದ ಸೌಮ್ಯತರ ಕ್ರಿಮಿಗೂ ಡಿ.ಎನ್.ಎ.ಯಲ್ಲಿ ಭೇದ ಅತ್ಯಲ್ಪ. ಆಂಥ್ರಾಕ್ಸಿಗೂ ಮಣ್ಣಿನಲ್ಲಿ ಸರ್ವತ್ರ ವಾಸಿಸುವ ಅದರ ದಾಯಾದಿಗಳಿಗೂ ಇರುವ ಮುಖ್ಯ ವ್ಯತ್ಯಾಸ, ಮೂಲ ವರ್ಣತಂತುವಿನ ಹೊರಗೆ ಬೇರೆಯಾಗಿ ಇರುವ ಎರಡು ಸಣ್ಣ ಉಂಗುರಗಳಲ್ಲಿ ಅಡಗಿದೆ. ದಾಯಾದಿಗಳು ನೂರಾರು ಇದ್ದು ಅವರಲ್ಲಿ ಕೆಲವರ ಹೆಸರು ಮಾತ್ರ ದಾಖಲಾಗಿರುವಾಗ, ಕುಖ್ಯಾತನಾದವನ ತಲೆಯ ಮೇಲೆ ಅಪರಾಧ ಬೀಳುವುದು ಪೊಲೀಸು ಠಾಣೆಯಲ್ಲಿ ಹೇಗೋ ಪ್ರಯೋಗಶಾಲೆಯಲ್ಲಿಯೂ ಹಾಗೆಯೇ: ರೋಗ ತರುವ ಕ್ರಿಮಿಗಳನ್ನು ಮನುಷ್ಯನು ಮೊದಲು ಓದಿದ್ದಾನೆ, ನಿರುಪದ್ರವಿಗಳನ್ನು ಆಮೇಲೆ ಓದಿದರಾಯಿತೆಂದು ಬಿಟ್ಟಿದ್ದಾನೆ. ಒಟ್ಟಿನಲ್ಲಿ ಆ ಮಾದರಿಗಳಲ್ಲಿದ್ದ ಡಿ.ಎನ್.ಎ.ಯಲ್ಲಿ ನೂರಕ್ಕೆ 48 ಪಾಲು ಯಾವ ಜೀವಿಯ ಹೆಸರಿಗೂ ಹೊಂದಲಿಲ್ಲ. ಆ ವರದಿಯಲ್ಲಿ ನಿಜವಾದ ವಾರ್ತೆ ಅದೇ ಆಗಿತ್ತು.

ಭಂಡಾರದಲ್ಲಿ ಗ್ರಂಥವಿಲ್ಲದಿರುವುದು ಒಂದು ದೋಷವಾದರೆ, ಇರುವ ಗ್ರಂಥವೇ ಅಶುದ್ಧವಾಗಿರುವುದು ಮತ್ತೊಂದು. ಇದು ಮೊದಲಿನದಕ್ಕಿಂತ ಹೆಚ್ಚು ಕಣ್ಣುತಪ್ಪಿಸುವಂತಹುದು. ಲಿಪಿಕಾರನೊಬ್ಬನು ಭಾರತವನ್ನು ಪ್ರತಿಮಾಡುತ್ತ, ನಡುವೆ ತನ್ನ ಮನೆಯ ರಾಗಿ ಭತ್ತಗಳ ಲೆಕ್ಕವನ್ನು ಅದೇ ಓಲೆಯಲ್ಲಿ ಬರೆದುಬಿಟ್ಟನೆಂದೂ, ಸಂಪಾದಕನು ಅದನ್ನು ಗಮನಿಸದೆ ಮೂಲದ ಭಾಗವೆಂದೇ ಅಚ್ಚುಹಾಕಿಸಿದನೆಂದೂ ಇಟ್ಟುಕೊಳ್ಳಿ. ಅಂದಿನಿಂದ ಯಾವ ಅಂಗಡಿಯ ಕಡತದಲ್ಲಿ ರಾಗಿಯ ಲೆಕ್ಕ ಕಂಡರೂ ನಮ್ಮ ಪಂಡಿತನು ‘ಕುಮಾರವ್ಯಾಸ!’ ಎನ್ನುತ್ತಾನೆ. ಡಿ.ಎನ್.ಎ. ಭಂಡಾರದಲ್ಲಿ ಆದದ್ದು ಇಂತಹುದೇ. ಕ್ರಿಮಿಗಳ ಜೀನೋಮುಗಳನ್ನು ಓದಿ ಜೋಡಿಸಿದವರ ಕೈಯ, ಬೆವರಿನ, ಉಸಿರಿನ ಡಿ.ಎನ್.ಎ.ಯೂ ಅವುಗಳೊಳಗೆ ಸೇರಿಹೋಗಿತ್ತು. 2019ರಲ್ಲಿ ಸಾಲ್ಸ್‌ಬರ್ಗರ ತಂಡದವರೇ ಹುಡುಕಿ ನೋಡಿದಾಗ, ಎರಡು ಸಾವಿರಕ್ಕೂ ಹೆಚ್ಚಿನ ಬ್ಯಾಕ್ಟೀರಿಯ ಜೀನೋಮುಗಳಲ್ಲಿ ಮನುಷ್ಯನ ಡಿ.ಎನ್.ಎ.ಯ ತುಣುಕುಗಳು ಕ್ರಿಮಿಯ ಹೆಸರಿನಲ್ಲಿ ಕುಳಿತಿರುವುದು ಕಂಡುಬಂದಿತು.

ಇದರ ಪರಿಣಾಮವನ್ನು ಅಳೆಯಬೇಕಾದರೆ ಮಾರನೆಯ ವರ್ಷದ ಒಂದು ಪ್ರಸಂಗವನ್ನು ನೋಡಬೇಕು. 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದು, 33 ಬಗೆಯ ಅರ್ಬುದರೋಗಗಳ 17,000ಕ್ಕೂ ಹೆಚ್ಚಿನ ಮಾದರಿಗಳ ಡಿ.ಎನ್.ಎ.ಯನ್ನು ಇಂತಹ ತಂತ್ರಾಂಶದಿಂದ ಶೋಧಿಸಿ, ಒಂದೊಂದು ಬಗೆಯ ಗಡ್ಡೆಯಲ್ಲಿಯೂ ಅದಕ್ಕೇ ವಿಶಿಷ್ಟವಾದ ಕ್ರಿಮಿಸಮೂಹವಿದೆಯೆಂದೂ, ರಕ್ತದಲ್ಲಿ ಅದರ ಗುರುತನ್ನು ಹಿಡಿದು ರೋಗವನ್ನು ಪತ್ತೆಮಾಡಬಹುದೆಂದೂ ಸಾರಿತು. ಎಂತಹ ಆಶೆಯ ಮಾತು! ಅದನ್ನು ಆಧರಿಸಿ ಬೇರೆ ಸಂಶೋಧನೆಗಳು ಹುಟ್ಟಿಕೊಂಡುವು. ಆದರೆ ಪಟ್ಟಿಯನ್ನು ಎಚ್ಚರದಿಂದ ಓದಿದವರಿಗೆ, ಒಂದು ಅರ್ಬುದವನ್ನು ಗುರುತಿಸುವ ಲಕ್ಷಣವಾಗಿ ಸೀಗಡಿಯಲ್ಲಿ ವಾಸಿಸುವ ವೈರಸ್ಸೊಂದು ಕುಳಿತಿರುವುದನ್ನು ಕಂಡು ಸಂಶಯ ಹುಟ್ಟಿತು. 2023ರಲ್ಲಿ ಸಾಲ್ಸ್‌ಬರ್ಗರೂ ಸೇರಿದಂತೆ ಕೆಲವರು ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಿ ನೋಡಿ, ಕ್ರಿಮಿಗಳದೆಂದು ಎಣಿಸಿದ್ದ ಲಕ್ಷಾಂತರ ತುಣುಕುಗಳು ರೋಗಿಗಳವೇ ಆದ ಮಾನವ ತುಣುಕುಗಳೆಂದೂ, ಅದರ ಮೇಲೆ ಸಂಖ್ಯೆಗಳನ್ನು ಹದಗೊಳಿಸುವ ಗಣಿತದಲ್ಲಿಯೂ ತಪ್ಪಾಗಿದೆಯೆಂದೂ ತೋರಿಸಿದರು. 2024ರಲ್ಲಿ ಆ ಲೇಖನವನ್ನು ಹಿಂದಕ್ಕೆ ಪಡೆಯಲಾಯಿತು. ತಂತ್ರಾಂಶವನ್ನು ರಚಿಸಿದವರಲ್ಲಿ ಒಬ್ಬನೇ ಅದರ ದುರುಪಯೋಗವನ್ನು ಬಯಲಿಗೆಳೆದನೆಂಬುದು ಗಮನಾರ್ಹ. ಕತ್ತಿಯ ಹರಿತವನ್ನು ಬಲ್ಲವನು ಅದನ್ನು ತಯಾರಿಸಿದ ಕಮ್ಮಾರನಲ್ಲದೆ ಇನ್ನಾರು?

ಇಷ್ಟನ್ನು ಓದಿ, ಈ ವಿದ್ಯೆಯೇ ಮೋಸವೆಂದು ಯಾರಾದರೂ ತೀರ್ಮಾನಿಸಿದರೆ ಅದು ದೊಡ್ಡ ಅನ್ಯಾಯವಾದೀತು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ 14 ವರ್ಷದ ಹುಡುಗನೊಬ್ಬನು, ಹುಟ್ಟಿನಿಂದಲೇ ರೋಗನಿರೋಧಶಕ್ತಿ ಕುಂದಿದ್ದವನು, ಜ್ವರ ತಲೆನೋವುಗಳಿಂದ ನಾಲ್ಕು ತಿಂಗಳಲ್ಲಿ ಮೂರು ಬಾರಿ ಆಸ್ಪತ್ರೆಯನ್ನು ಸೇರಿ, ಕೊನೆಗೆ ಮಿದುಳಿನಲ್ಲಿ ನೀರು ತುಂಬಿ, ಬಿಟ್ಟೂಬಿಡದ ಸೆಳೆತ ಬಂದು, ವೈದ್ಯರೇ ಔಷಧದಿಂದ ಅವನನ್ನು ಪ್ರಜ್ಞೆತಪ್ಪಿಸಿ ಇಡಬೇಕಾಯಿತು. ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮಾಡಿದ್ದರು, ಮಿದುಳಿನ ತುಣುಕನ್ನೇ ತೆಗೆದು ನೋಡಿದ್ದರು, ಕಾರಣ ತಿಳಿಯಲಿಲ್ಲ. ಆಗ ಸ್ಯಾನ್ ಫ್ರಾನ್ಸಿಸ್ಕೋವಿನ ಚಾರ್ಲ್ಸ್ ಚಿಯು ಎಂಬ ವೈದ್ಯವಿಜ್ಞಾನಿಯ ತಂಡದವರು ಅವನ ಬೆನ್ನುಹುರಿಯ ದ್ರವದ ಡಿ.ಎನ್.ಎ.ಯನ್ನು ಓದಿಸಿದರು. ಬಂದ 30,63,784 ಚೂರುಗಳಲ್ಲಿ 475 ಮಾತ್ರ, ಎಂದರೆ ಹತ್ತು ಸಾವಿರಕ್ಕೆ ಒಂದೂವರೆ, ಲೆಪ್ಟೊಸ್ಪೈರ ಎಂಬ ಕ್ರಿಮಿಯವೆಂದು ತಂತ್ರಾಂಶ ಹೇಳಿತು. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದ ಗದ್ದೆ ಕೆಲಸದವರು ಇಲಿಜ್ವರವೆಂದು ಕರೆದು ಹೆದರುವುದು ಇದನ್ನೇ. ಮಾದರಿ ಕೈಸೇರಿದ 48 ಗಂಟೆಗಳೊಳಗೆ ಉತ್ತರ ದೊರೆತಿತ್ತು. ಮದ್ದು ಹಳೆಯದೇ, ಪೆನಿಸಿಲಿನ್. ಹುಡುಗನು ಚೇತರಿಸಿಕೊಂಡು ಮನೆಗೆ ಹೋದನು. ಕ್ರಿಮಿ ಅದೇ ಎಂಬುದು ಅನಂತರ ಬೇರೆ ಪರೀಕ್ಷೆಗಳಿಂದ ದೃಢಪಟ್ಟಿತು. ಈ ವೃತ್ತಾಂತ ಪ್ರಕಟವಾದುದೂ 2014ರಲ್ಲಿಯೇ.

ಇಲ್ಲಿಯ 475 ಚೂರು ಜೀವವನ್ನುಳಿಸಿತು. ನ್ಯೂಯಾರ್ಕಿನ ಚೂರುಗಳು ನಗರವನ್ನು ಹೆದರಿಸಿದುವು. ಎರಡು ಕಡೆಯಲ್ಲಿಯೂ ಅಂಕಗಣಿತ ಒಂದೇ ಬಗೆಯದು. ಹುಡುಗನ ಪಕ್ಕದಲ್ಲಿ, ಅವನು ಹಿಂದೆ ಪೋರ್ಟೊರೀಕೊ ದ್ವೀಪಕ್ಕೆ ಹೋಗಿ ಈಜಿದ್ದನೆಂಬುದನ್ನು ಬಲ್ಲ, ಲಕ್ಷಣಗಳನ್ನು ತಾಳೆನೋಡಬಲ್ಲ, ಮದ್ದಿನಿಂದ ಆಗುವ ಲಾಭನಷ್ಟಗಳನ್ನು ತೂಗಬಲ್ಲ ವೈದ್ಯರಿದ್ದರು. ಯಂತ್ರ ಕೊಟ್ಟ ಹೆಸರು ಅವರಿಗೆ ಒಂದು ಸುಳಿವು. ರೈಲಿನ ಕಂಬಿಯ ಪಕ್ಕದಲ್ಲಿ ಅಂತಹವರಾರೂ ಇರಲಿಲ್ಲ, ಹೆಸರೇ ತೀರ್ಪಾಗಿಬಿಟ್ಟಿತು.

ಈಗ ನಮ್ಮ ನದಿಗೆ ಬರೋಣ. ಮೀನು ನೀರಿನಲ್ಲಿ ಸುಮ್ಮನೆ ಹಾದುಹೋಗುವುದಿಲ್ಲ. ಲೋಳೆ, ಹುರುಪೆ, ಮಲಗಳ ಮೂಲಕ ತನ್ನ ಡಿ.ಎನ್.ಎ.ಯನ್ನು ಚೆಲ್ಲುತ್ತ ಹೋಗುತ್ತದೆ. 2003ರಲ್ಲಿ ಕೆನಡದ ಪಾಲ್ ಹೆಬರ್ಟ್ ಎಂಬ ವಿಜ್ಞಾನಿ, ಪ್ರಾಣಿಗಳಲ್ಲಿ ಒಂದೇ ಜೀನಿನ ಸುಮಾರು 650 ಅಕ್ಷರಗಳನ್ನು ಓದಿದರೆ ಪ್ರಭೇದವನ್ನು ಗುರುತಿಸಬಹುದೆಂದು ಸೂಚಿಸಿದ ಮೇಲೆ, ಬಲೆ ಬೀಸದೆ, ಗಾಳ ಹಾಕದೆ, ನೀರನ್ನು ಸೋಸಿ ಮೀನುಗಳ ಪಟ್ಟಿಯನ್ನು ತಯಾರಿಸುವ ಮಾರ್ಗ ತೆರೆಯಿತು. ಅಣೆಕಟ್ಟು ಕಟ್ಟುವವರಿಗೂ ಮರಳು ತೆಗೆಯುವವರಿಗೂ ಅನುಮತಿ ಕೊಡುವ ಮುನ್ನ ಇಂತಹ ಪಟ್ಟಿಯನ್ನು ಕೇಳುವುದು ಸುಲಭ, ಅಗ್ಗ, ಆಧುನಿಕ. ಅಪಾಯವಿರುವುದು ಆ ಸೌಲಭ್ಯದಲ್ಲಿಯೇ.

ಕಾವೇರಿಯಲ್ಲಿ ಬಿಳಿಮೀನೆಂದು ನಮ್ಮ ಜನ ಕರೆಯುವ ಮಹಶೀರ್ ಜಾತಿಯ ಮೀನುಗಳಿವೆ. ಅವುಗಳಲ್ಲಿ ಬೆನ್ನು ಗೂನಾಗಿ ಉಬ್ಬಿದ ಒಂದು ಬಗೆ ಜಗತ್ಪ್ರಸಿದ್ಧವಾದುದು. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡು ತೂಗಿತು. ಗಾಳದ ಬೇಟೆಯ ಗ್ರಂಥಗಳಲ್ಲಿ ಒಂದೂವರೆ ಶತಮಾನದಿಂದ ವರ್ಣನೆಗೊಂಡ ಈ ಮೀನಿಗೆ ಶಾಸ್ತ್ರೀಯವಾಗಿ ಯಾವ ಹೆಸರು ಸಲ್ಲುತ್ತದೆಂಬುದು ಮಾತ್ರ 2018ರವರೆಗೆ ನಿಶ್ಚಯವಾಗಿರಲಿಲ್ಲವೆಂದರೆ ಓದುಗರು ನಂಬುವರೋ ಇಲ್ಲವೋ! ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳಿಗೆ ಹಿಂದೆಯೇ ಇಟ್ಟಿದ್ದ ಟಾರ್ ರೆಮಾದೇವಿ ಎಂಬ ಹೆಸರು ಇದರದೇ ಎಂದು ಆ ವರ್ಷ ಸಿದ್ಧಪಡಿಸಿದರು. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ನಾಮಕರಣವೂ ಮೃತ್ಯುಭಯವೂ ಒಂದೇ ಸಂವತ್ಸರದಲ್ಲಿ. ಇದರ ನಡುವೆ, ಲೋನಾವಳದ ಮರಿಸಾಕಣೆಯಿಂದ ತಂದ ಟಾರ್ ಖುದ್ರಿ ಎಂಬ ಬೇರೊಂದು ಮಹಶೀರನ್ನು ಹಲವು ದಶಕಗಳಿಂದ ಕಾವೇರಿಗೆ ಬಿಡುತ್ತ ಬಂದಿದ್ದರು, ಅದೂ ಸಂರಕ್ಷಣೆಯ ಸದುದ್ದೇಶದಿಂದಲೇ. ಅದು ಹೆಚ್ಚಿತು, ಗೂನುಬೆನ್ನಿನದು ಕುಗ್ಗಿತು. 2018ಕ್ಕೆ ಮೊದಲು ಯಾರಾದರೂ ಮುತ್ತತ್ತಿಯ ಬಳಿ ಒಂದು ಬಿಂದಿಗೆ ನೀರನ್ನು ಸೋಸಿ ತಂತ್ರಾಂಶಕ್ಕೆ ಕೊಟ್ಟಿದ್ದರೆ ಏನಾಗುತ್ತಿತ್ತು? ಗೂನುಬೆನ್ನಿನ ಮೀನಿನ ಚೂರುಗಳು ಬಂಧುವಿನ ಹೆಸರಿಗೋ, ಟಾರ್ ಎಂಬ ಕುಲದ ಹೆಸರಿಗೋ ಸಲ್ಲುತ್ತಿದ್ದುವು. ನದಿಯಲ್ಲಿ ಮಹಶೀರು ಸಮೃದ್ಧಿಯಾಗಿದೆಯೆಂಬ ವರದಿಗೆ ಅಧಿಕಾರಿ ರುಜುಹಾಕುತ್ತಿದ್ದನು. ತಂತ್ರಾಂಶದಲ್ಲಿ ಒಂದಕ್ಷರದ ದೋಷವೂ ಇರುತ್ತಿರಲಿಲ್ಲ.

ಆದುದರಿಂದ ನನ್ನ ಬೇಡಿಕೆ ಯಂತ್ರವನ್ನು ತರುವವರಲ್ಲಲ್ಲ, ಯಂತ್ರದ ಮಾತನ್ನು ಕಡತಕ್ಕೆ ಸೇರಿಸುವವರಲ್ಲಿ. ಬೆರಕೆ ಡಿ.ಎನ್.ಎ.ಯ ವರದಿಯನ್ನು ಸರ್ಕಾರ ಸ್ವೀಕರಿಸುವುದಾದರೆ, ಯಾವ ಭಂಡಾರದೊಡನೆ, ಯಾವ ದಿನದ ಪ್ರತಿಯೊಡನೆ ಹೋಲಿಸಿದರೆಂಬುದೂ, ಆ ಪ್ರದೇಶದಲ್ಲಿ ಉಂಟೆಂದು ಈಗಾಗಲೇ ಬಲ್ಲ ಪ್ರಭೇದಗಳಲ್ಲಿ ಎಷ್ಟು ಆ ಭಂಡಾರದಲ್ಲಿದ್ದುವೆಂಬುದೂ ಅದರಲ್ಲಿ ಬರೆದಿರತಕ್ಕದ್ದು. ಹೆಸರು ಸಿಕ್ಕದ ಚೂರುಗಳ ಪ್ರಮಾಣವನ್ನು ಮುಖಪುಟದಲ್ಲಿಯೇ ಹೇಳತಕ್ಕದ್ದು. ಕ್ರಾಕೆನ್ ತನ್ನ ವರದಿಯ ಮೊದಲನೆಯ ಸಾಲಿನಲ್ಲಿ ‘ವರ್ಗಕ್ಕೆ ಸೇರದವು’ ಎಂದು ಅಷ್ಟನ್ನೂ ಲೆಕ್ಕವೊಪ್ಪಿಸಿಯೇ ಮುಂದುವರಿಯುತ್ತದೆ, ಆ ಸಾಲನ್ನು ಕತ್ತರಿಸುವವರು ಮನುಷ್ಯರು. ಮತ್ತು ಪಟ್ಟಿಯಲ್ಲಿ ಹೆಸರಿಲ್ಲವೆಂಬ ಕಾರಣದಿಂದ ಒಂದು ಜೀವಿ ಆ ಹೊಳೆಯಲ್ಲಿ ಇಲ್ಲವೆಂದು ಯಾವ ಅಧಿಕಾರಿಯೂ ತೀರ್ಮಾನಿಸಕೂಡದು.

ಭಂಡಾರವನ್ನು ತುಂಬುವವರು ಯಾರು? 1890ರ ಸಸ್ಯ ಸರ್ವೇಕ್ಷಣ ಸಂಸ್ಥೆಯೂ 1916ರ ಪ್ರಾಣಿ ಸರ್ವೇಕ್ಷಣ ಸಂಸ್ಥೆಯೂ ನಮ್ಮ ದೇಶದಲ್ಲಿವೆ. ಆದರೆ ಹುರುಪೆಗಳನ್ನು ಎಣಿಸಿ ಮೀನಿನ ಹೆಸರು ಹೇಳಬಲ್ಲ ತರುಣನಿಗೆ ಇಂದು ಉದ್ಯೋಗ ಕೊಡುವವರನ್ನು ದುರ್ಬೀನು ಹಿಡಿದು ಹುಡುಕಬೇಕು. ಡಿ.ಎನ್.ಎ. ಓದುವ ಯಂತ್ರಕ್ಕೆ ಅನುದಾನ ಕೇಳಿದರೆ ಸಿಕ್ಕುತ್ತದೆ. ಆ ಯಂತ್ರ ಓದಿದ್ದಕ್ಕೆ ಹೆಸರನ್ನು ಅಂಟಿಸಬಲ್ಲವನ ಸಂಬಳಕ್ಕೆ ಕೇಳಿದರೆ ಅದು ಹಳೆಯ ಕಾಲದ ವಿದ್ಯೆಯೆಂಬ ಉತ್ತರ ಬರುತ್ತದೆ. ಮದುವೆಗೆ ಪುರೋಹಿತರನ್ನು ಕರೆದು ವಧುವನ್ನು ಮರೆತಂತಾಯಿತು.

ಕ್ರಾಕೆನ್ ಬಂದ 2014ರಲ್ಲಿಯೇ ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳ ಒಂದು ಕಪ್ಪೆಗೂ ಶಾಸ್ತ್ರೀಯ ನಾಮಕರಣವಾಯಿತು. ಅದಕ್ಕೆ ಕೊಟ್ಟ ಲ್ಯಾಟಿನ್ ಹೆಸರಿನ ಎರಡನೆಯ ಪದ ಕನ್ನಡದ್ದು: ಕುಂಬಾರ. ಹಾಗೆ ಕರೆದವರು ರಾತ್ರಿಯ ಹೊತ್ತು, ಮಳೆಗಾಲದ ತೊರೆಯ ಬದಿಯಲ್ಲಿ, ಗಂಡುಕಪ್ಪೆಯೊಂದು ಮುಂಗೈಗಳಿಂದ ಕೆಸರನ್ನು ತೆಗೆತೆಗೆದು ತನ್ನ ಮೊಟ್ಟೆಗಳ ಮೇಲೆ ಮೆತ್ತುತ್ತಿದ್ದುದನ್ನು ಕಣ್ಣಾರೆ ನೋಡಿದ್ದರು.